ಬಸಣ್ಣನ ಸೋಮವಾರ

ಬೇರೆಯವರು ಮೈಬಗ್ಗಿಸಿ ದುಡಿಯುವುದನ್ನು ನೋಡುತ್ತ ಕೂಡುವುದರಲ್ಲಿ ಒಂದು ಸುಖವಿದೆ. ಇದನ್ನು ಒಪ್ಪಿಕೊಳ್ಳಲು ಜನ ನಾಚುತ್ತಾರೆ. ನನಗೆ ಆ ನಾಚಿಕೆಯಿಲ್ಲ, ಯಾಕೆಂದರೆ ಮೂವತ್ತು ವರ್ಷ ಅದಕ್ಕೇ ಸಂಬಳ ತೆಗೆದುಕೊಂಡವನು ನಾನು. ಸಿಂದಗಿಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದೆ. ಒಂದು ಗಾಜಿನ ಕೋಣೆ, ಒಂದು ಕುರ್ಚಿ, ಒಂದು ಮೈಕು. ವಿಜಯಪುರದ ಬಸ್ಸು ಹೊರಡಲಿ ಎಂದರೆ ಹೊರಡುತ್ತಿತ್ತು, ಕಲಬುರಗಿಯದು ಈ ಕಡೆ ಬರಲಿ ಎಂದರೆ ಬರುತ್ತಿತ್ತು. ಸುಗ್ಗಿಯ ದಿನಗಳಲ್ಲಿ ಮಾತ್ರ ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಅಡ್ಡ ನಿಂತು ಬಸ್ಸುಗಳು ತಡವಾಗುತ್ತಿದ್ದವು. ಆಗ ತಡವಾಗಿದೆಯೆಂದು ಸಾರುವುದು, ಪ್ರಯಾಣಿಕರ ಕ್ಷಮೆ ಕೇಳುವುದು, ಮತ್ತೆ ಸಾರುವುದು. "ಪ್ರಯಾಣಿಕರ ಗಮನಕ್ಕೆ" ಎಂಬ ಎರಡು ಪದಗಳನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ನಿವೃತ್ತನಾದ ಹೊಸದರಲ್ಲಿ ಊಟಕ್ಕೆ ಕೂತು ಸಾರು ಬೇಕೆನಿಸಿದಾಗಲೂ ಬಾಯಿಗೆ ಅದೇ ಬರುತ್ತಿತ್ತು.

ನನ್ನ ಹೆಂಡತಿ ಶಾಂತಾ ಆಗ ಹೇಳಿದ ಮಾತು ಇನ್ನೂ ನೆನಪಿದೆ. "ಹೋಗ್ರಿ, ಬರ್ರಿ ಅಂತ ಮಂದಿಗೆ ಹೇಳೂದ ಬಿಟ್ರ ನಿಮಗ ಬ್ಯಾರೆ ಏನ್ ಬರತೈತ್ರಿ? ಒಂದ ಕೊಡ ನೀರು ಎತ್ತಿದ್ದ ನಾ ನೋಡಿಲ್ಲ." ನಾನು ಆ ಮಾತಿಗೆ ಸಿಟ್ಟಾಗಲಿಲ್ಲ. ಸಿಟ್ಟಾಗಬೇಕಾದರೆ ಮಾತು ಸುಳ್ಳಿರಬೇಕು.

ಇಂಥ ನಾನು ಕಟ್ಟಿಗೆ ಒಡೆಯುವ ಮಂದಿಯ ಜೊತೆ ಸೇರಿದ್ದು ಹೇಗೆಂದು ಹೇಳಬೇಕಾದರೆ ಗಿಡಗಳಿಂದ ಶುರು ಮಾಡಬೇಕು. ನಮ್ಮ ಸೀಮೆಯಲ್ಲಿ ಮರಕ್ಕೂ ಗಿಡವೆಂದೇ ಅನ್ನುತ್ತೇವೆ. ದಕ್ಷಿಣದ ಗೆಳೆಯನೊಬ್ಬ ಇದಕ್ಕೆ ನಗುತ್ತಿದ್ದ. ಅವನೂರಿನಲ್ಲಿ ಮರಗಳ ನಡುವೆ ಊರನ್ನು ಹುಡುಕಬೇಕಂತೆ. ನಮ್ಮಲ್ಲಿ ಹಾಗಲ್ಲ. ಕರಿಮಣ್ಣಿನ ಬಯಲಿನಲ್ಲಿ ನಿಂತರೆ ಜೋಳ, ತೊಗರಿ, ಮತ್ತೆ ಆಕಾಶ. ನಡುವೆ ಎಲ್ಲೋ ಒಂದು ಗಿಡ ಕಂಡರೆ ಅದಕ್ಕೊಂದು ಹೆಸರು, ಒಂದು ಬಸ್ ಸ್ಟಾಪು. ಸಿಂದಗಿಯಿಂದ ಇಂಡಿಯ ಕಡೆ ಹೋಗುವ ದಾರಿಯ ಮೇಲಿನ ನಮ್ಮೂರಿಗೆ ಬರುವವರು ಇಳಿಯುವುದು ಹುಣಸಿಗಿಡ ಸ್ಟಾಪಿನಲ್ಲಿ. ಅದರ ಹಿಂದಿನದು ಜೋಡಿಬೇವು. ಮೈಕಿನಲ್ಲಿ ಈ ಹೆಸರುಗಳನ್ನು ಕೂಗಿ ಕೂಗಿ ನನಗೆ ಆ ಗಿಡಗಳು ನೆಂಟರ ಹಾಗೆ ಆಗಿದ್ದವು.

ರಸ್ತೆ ಅಗಲವಾಯಿತು, ಗಿಡಗಳು ಹೋದವು. ಒಳ್ಳೆಯ ರಸ್ತೆ ಬೇಡವೆನ್ನಲು ನನಗೆ ಬಾಯಿಲ್ಲ. ಅದಕ್ಕಾಗಿ ಮನವಿ ಬರೆದುಕೊಟ್ಟವರಲ್ಲಿ ನಾನೂ ಒಬ್ಬ. ನೆಟ್ಟಗಿದ್ದ ದಿಮ್ಮಿಗಳನ್ನು ಗುತ್ತಿಗೆಯವರು ಹೇರಿಕೊಂಡು ಹೋದರು. ಗಂಟುಗಂಟಾದ ಬೊಡ್ಡೆಗಳನ್ನು, ಡೊಂಕು ಟೊಂಗೆಗಳನ್ನು ಯಾರೂ ಮುಟ್ಟಲಿಲ್ಲ. ಪಂಚಾಯಿತಿಯವರು ಅವನ್ನು ಊರ ಹೊರಗಿನ ಹಾಳು ಕಣಕ್ಕೆ ತಂದು ಹಾಕಿ, ಊರಿನ ಕೆಲಸಕ್ಕೆ ಬಳಸಿಕೊಳ್ಳಿರೆಂದು ಹೇಳಿ ಕೈತೊಳೆದುಕೊಂಡರು. ಎರಡು ಬೇಸಿಗೆ ಅವು ಅಲ್ಲೇ ಒಣಗಿದವು. ಹುಣಸಿಗಿಡ ಸ್ಟಾಪಿನ ಹುಣಸೆ ಅಲ್ಲಿ ಬೋರಲಾಗಿ ಬಿದ್ದಿತ್ತು. ಸ್ಟಾಪಿನ ಹೆಸರು ಮಾತ್ರ ಹಾಗೇ ಉಳಿಯಿತು.

ನೀವು ಕೇಳಬಹುದು, ಮನೆಮನೆಗೆ ಗ್ಯಾಸ್ ಬಂದಿರುವಾಗ ಕಟ್ಟಿಗೆ ಯಾರಿಗೆ ಬೇಕು ಎಂದು. ನಾನೂ ಕೇಳಿದ್ದೆ. ಉತ್ತರ ಹೇಳಿದವಳು ಗಂಗವ್ವಾಯಿ. ಊರಿನ ಬಾಣಂತಿಯರಿಗೆ ನೀರು ಎರೆಯುವವಳು ಆಕೆ. ನನ್ನ ಹೆಂಡತಿಗೂ ಎರೆದವಳು, ನನ್ನ ಮಕ್ಕಳನ್ನು ಕಾಲ ಮೇಲೆ ಮಲಗಿಸಿಕೊಂಡು ತಿಕ್ಕಿದವಳು. ಎಪ್ಪತ್ತು ದಾಟಿದ್ದಾಳೆ, ಕೈಗಳಿಗೆ ಮಾತ್ರ ವಯಸ್ಸಾದಂತಿಲ್ಲ. ಬಾಣಂತಿಗೆ ಹಂಡೆಗಟ್ಟಲೆ ಕುದಿಯುವ ನೀರು ಬೇಕು, ಒಂದು ದಿನಕ್ಕಲ್ಲ, ತಿಂಗಳುಗಟ್ಟಲೆ. ಗ್ಯಾಸಿನ ಮೇಲೆ ಹಂಡೆ ಇಡಲಾದೀತೇ? ಮೊದಲು ಇದಕ್ಕೆಲ್ಲ ತೊಗರಿ ಕಟ್ಟಿಗೆ ಇತ್ತು. ತೊಗರಿ ಬಡಿದ ಮೇಲೆ ಉಳಿಯುವ ಕಡ್ಡಿಯನ್ನು ಹೊರೆ ಕಟ್ಟಿ ಹಿತ್ತಿಲಿಗೆ ಒಟ್ಟಿದರೆ ವರ್ಷದ ಉರುವಲು. ಈಗ ತೊಗರಿ ಕೊಯ್ಯಲು ದೊಡ್ಡ ಯಂತ್ರ ಬರುತ್ತದೆ. ಅದು ಕಾಳನ್ನು ಈಚೆ ಉಗುಳಿ ಕಡ್ಡಿಯನ್ನು ಹೊಲದಲ್ಲೇ ಪುಡಿ ಮಾಡಿ ಹೋಗುತ್ತದೆ. ಹೊಲ ಇದ್ದವರು ಹೇಗೋ ಸಾಗಿಸುತ್ತಾರೆ. ಹೊಲ ಇಲ್ಲದವರ ಮನೆಯಲ್ಲಿ ಹೆರಿಗೆಯಾದರೆ ಗಂಗವ್ವಾಯಿ ತಾನೇ ದಾರಿಯ ಮೇಲೆ ಕಡ್ಡಿ ಆರಿಸುತ್ತ ಹೋಗುತ್ತಿದ್ದಳು.

"ಅಲ್ಲಿ ಕಣದಾಗ ಅಷ್ಟ ಕಟಗಿ ಬಿದ್ದೈತಿ," ಎಂದು ಒಂದು ದಿನ ನಮ್ಮ ಕಟ್ಟೆಯ ಮುಂದೆ ನಿಂತು ಹೇಳಿದಳು. "ಇಲ್ಲಿ ಕಟ್ಟಿ ಮ್ಯಾಲ ಇಷ್ಟ ಗಂಡಸರು ಬಿದ್ದೀರಿ. ಎರಡನ್ನೂ ಒಂದ ಕಡೆ ಕೂಡಸಾವ್ರು ಯಾರೂ ಇಲ್ಲೇನು?"

ಕಟ್ಟೆಯ ಮೇಲೆ ಬಿದ್ದವರಲ್ಲಿ ಎದ್ದವನು ಮಾನಪ್ಪ. ಊರ ಹೆಬ್ಬಾಗಿಲಿನ, ಅಂದರೆ ಅಗಸಿಯ, ಹತ್ತಿರ ಅವನದು ವೆಲ್ಡಿಂಗ್ ಅಂಗಡಿ. ಕುಂಟೆ, ಕೂರಿಗೆ, ಕಿಟಕಿಯ ಸರಳು, ಏನು ಮುರಿದರೂ ಅವನಲ್ಲಿಗೆ ಹೋಗುತ್ತದೆ. ಹುಣಸೆಯ ಬೊಡ್ಡೆಗೆ ಕೊಡಲಿ ಹಾಕಿ ನೋಡಿದ. ಕೊಡಲಿ ಅದರಲ್ಲೇ ಕೂತಿತು. ಕಡ್ಡಿ ಮುರಿದು ಒಲೆಗೆ ಹಾಕಿ ಗೊತ್ತಿದ್ದ ನಮಗೆ ದಿಮ್ಮಿ ಸೀಳುವ ವಿದ್ಯೆ ಬರುವುದಾದರೂ ಹೇಗೆ? ಆಗ ಮಾನಪ್ಪ ಯಂತ್ರ ಮಾಡಲು ಹೊರಟ. ಬೆಲ್ಲದ ಗಾಣವೊಂದು ಗುಜರಿಗೆ ಬಂದಿತ್ತು, ಅದರ ದೊಡ್ಡ ಚಕ್ರ ತಂದ. ಹಳೆಯ ಬಸ್ಸಿನ ಸ್ಪ್ರಿಂಗ್ ಪಟ್ಟಿ ಬಡಿದು ಬೆಣೆ ಮಾಡಿದ. ನೀರೆತ್ತುವುದನ್ನು ಬಿಟ್ಟು ಮೂಲೆ ಸೇರಿದ್ದ ಒಂದು ಡೀಸೆಲ್ ಎಂಜಿನ್ನನ್ನು ಸಂಗಪ್ಪಕಾಕಾ ಕೊಟ್ಟರು. ಎಂಜಿನ್ ಚಕ್ರವನ್ನು ತಿರುಗಿಸುತ್ತದೆ, ಚಕ್ರ ಬೆಣೆಯನ್ನು ಮುಂದಕ್ಕೆ ತಳ್ಳುತ್ತದೆ, ಎದುರಿಗೆ ನಿಲ್ಲಿಸಿದ ಬೊಡ್ಡೆ ಎರಡಾಗುತ್ತದೆ. ಕಟ್ಟಿಗೆ ಚೂರು ಮುಖಕ್ಕೆ ಹಾರಬಾರದೆಂದು ಎರಡೂ ಪಕ್ಕಕ್ಕೆ ತಗಡು ಬಾಗಿಸಿ ಕೂರಿಸಿದ. ಅವು ಮೇಲಕ್ಕೆ ಚಾಚಿಕೊಂಡು ಥೇಟ್ ಕೋಡುಗಳಂತೆ ಕಾಣುತ್ತಿದ್ದವು. ಅನರ್ಥದ ಮೂಲ ಆ ತಗಡುಗಳೇ.

ಸಂಗಪ್ಪಕಾಕಾ ಎಂದೆನಲ್ಲ, ಅವರ ಪರಿಚಯ ಮಾಡಿಕೊಡಬೇಕು. ಎಪ್ಪತ್ತೈದರ ರೈತ. ಊರೆಲ್ಲ ಟ್ರ್ಯಾಕ್ಟರಿಗೆ ಹೋದರೂ ಎತ್ತು ಬಿಡದವರು. ಎತ್ತುಗಳ ಬಗ್ಗೆ ಅವರು ಮಾತಾಡುವುದನ್ನು ಕೇಳಿದರೆ ಹೊಸಬರು ಅವರ ಮಕ್ಕಳ ಬಗ್ಗೆ ಎಂದುಕೊಳ್ಳುತ್ತಾರೆ. ಮಕ್ಕಳ ಬಗ್ಗೆ ಅವರು ಅಷ್ಟು ಮೃದುವಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ.

ಒಂದು ಶುಕ್ರವಾರ ಯಂತ್ರವನ್ನು ಮೊದಲು ಓಡಿಸಿ ನೋಡಿದೆವು. ಬೆಣೆ ಹಿಂದೆ ಸರಿದು, ಒಂದು ಕ್ಷಣ ತಡೆದು, ತಲೆ ತಗ್ಗಿಸಿ ಮುನ್ನುಗ್ಗಿ ಬೊಡ್ಡೆಗೆ ಹಾಯ್ದಿತು. ಎರಡು ಬೇಸಿಗೆ ಯಾರಿಗೂ ಜಗ್ಗದ ಹುಣಸೆ ಸದ್ದು ಮಾಡಿ ಬಾಯಿ ಬಿಟ್ಟಿತು. "ಅಬಾಬಾಬಾ, ಬಸಣ್ಣಾ!" ಎಂದರು ಕಾಕಾ. ಅಷ್ಟೇ. ಮುಂದೆ ಅದನ್ನು ಯಾರೂ ಯಂತ್ರವೆಂದು ಕರೆಯಲಿಲ್ಲ. ಕಾಕಾ ಮನೆಗೆ ಹೋಗಿ ತಮ್ಮ ಎತ್ತುಗಳ ಕೋಡಿನ ತುದಿಗೆ ತೊಡಿಸುತ್ತಿದ್ದ ಹಳೆಯ ಹಿತ್ತಾಳೆ ಕೋಡಣಸು ತಂದು ತಗಡಿನ ತುದಿಗಳಿಗೆ ಹಾಕಿದರು. ಮಾನಪ್ಪ ಗೆಜ್ಜೆಸರ ಕಟ್ಟಿದ. ಚಕ್ರಕ್ಕೂ ಕೋಡುಗಳ ನಡುವಿನ ಹಣೆಗೂ ವಿಭೂತಿ ಬಳಿದೆವು, ಕಾಯಿ ಒಡೆದೆವು. ಶಾಂತಾ ಮಾಡಿ ಕಳಿಸಿದ ಹೋಳಿಗೆಯ ತುಂಡೊಂದನ್ನು ಕಾಕಾ ಬೆಣೆಯ ಮುಂದಿಟ್ಟು, "ತಿನ್ನಪಾ ನನ್ನಪ್ಪ," ಎಂದರು. ಬಸಣ್ಣ ಅದನ್ನು ಮಾನಪ್ಪನ ಅಂಗಿಯ ಮೇಲೆ ಎಸೆದ. ಊರಿಗೂರೇ ನಕ್ಕಿತು. ಈ ಎಲ್ಲಕ್ಕೂ ನಾನು ಮೈಕಿಲ್ಲದೆ ವರದಿ ಒಪ್ಪಿಸುತ್ತಿದ್ದೆ.

ಪೂಜೆಯ ವಿಷಯದಲ್ಲಿ ನಮ್ಮನ್ನು ಯಾರೂ ತಪ್ಪು ತಿಳಿಯಬಾರದು. ಕಬ್ಬಿಣಕ್ಕೆ ಕುಂಕುಮ ಹಚ್ಚುವುದು ಎಲ್ಲ ಕಡೆಯೂ ಇದೆ. ನಮ್ಮ ಡ್ರೈವರುಗಳು ನಿಂಬೆಹಣ್ಣು ಕಟ್ಟದೆ ಬಸ್ಸು ಹೊರಡಿಸಿದ್ದನ್ನು ನಾನು ಕಂಡಿಲ್ಲ. ಆದರೆ ಪೂಜೆ ಮಾಡುವುದು ಬೇರೆ, ಹೆಸರಿಡುವುದು ಬೇರೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಪೂಜೆ ಮುಗಿದ ಮೇಲೆ ಕಬ್ಬಿಣ ಮತ್ತೆ ಕಬ್ಬಿಣವೇ. ಹೆಸರಿಟ್ಟರೆ ಮಾತ್ರ ಅದು ಮನೆಯ ಸದಸ್ಯನಾಗುತ್ತದೆ, ಸದಸ್ಯನಿಗೆ ಹಕ್ಕುಗಳು ಬರುತ್ತವೆ.

ಕೆಲಸದ ದಿನ ಯಾವುದಾಗಬೇಕೆಂದು ಚರ್ಚೆ ಬಂದಾಗ ಎಲ್ಲರೂ ಒಕ್ಕೊರಲಿನಿಂದ ಸೋಮವಾರವೆಂದರು. ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹಾಕುವುದಿಲ್ಲ. ಅದು ಬಸವಣ್ಣನ ವಾರ. ಎತ್ತು ಮೈತೊಳೆಸಿಕೊಂಡು ನೆರಳಿಗೆ ಮೆಲುಕು ಹಾಕುತ್ತದೆ, ರೈತ ಬಿಡುವಾಗಿರುತ್ತಾನೆ, ಮಾನಪ್ಪನ ಅಂಗಡಿಗೂ ಅಂದೇ ರಜೆ. ಸೇವೆಗೆ ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲವೆಂದು ನಾನೇ ಎದ್ದು ನಿಂತು ಘೋಷಿಸಿದೆ. ಅಷ್ಟು ಜನರಲ್ಲಿ ಒಬ್ಬನಿಗಾದರೂ ಎಡವಟ್ಟು ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಸೋಮವಾರ ಬೆಳಗ್ಗೆ ಎಂಟು ಗಂಟೆಗೆ ಎಲ್ಲ ಕಣದಲ್ಲಿ ಸೇರಿದೆವು. ಮಾಗಿಯ ಚಳಿ, ಬಯಲಿನ ಮೇಲಿಂದ ಬೀಸುವ ಗಾಳಿ. ಮಾನಪ್ಪ ಎಂಜಿನ್ನಿಗೆ ಹ್ಯಾಂಡಲ್ ಸಿಕ್ಕಿಸಿ ಬಗ್ಗಿದ. ಅಷ್ಟರಲ್ಲಿ ಹಿಂದಿನಿಂದ ಕಾಕಾ ಕೂಗಿದರು.

"ಏ ಮಾನಪ್ಪಾ, ತಡಿಯೋ! ಇವತ್ತ ವಾರ ಯಾವ್ದು?"

"ಸೋಮವಾರ್ರಿ ಕಾಕಾ," ಎಂದ ಮಾನಪ್ಪ. ಹೇಳಿದ ಮೇಲೆ ಅವನ ಕೈ ಅಲ್ಲೇ ನಿಂತಿತು.

"ಸೋಮವಾರ ಬಸಣ್ಣನ್ನ ಹೂಡಾಂವ ನೀ ಯಾವೂರಾಂವಲೇ?"

ಯಾರೂ ನಗಲಿಲ್ಲ. ಎಲ್ಲರೂ ಬಸಣ್ಣನ ಕಡೆ ನೋಡಿದರು. ಕೋಡಣಸು ಬಿಸಿಲಿಗೆ ಹೊಳೆಯುತ್ತಿತ್ತು, ಹಣೆಯ ಮೇಲೆ ಶುಕ್ರವಾರದ ವಿಭೂತಿ ಇನ್ನೂ ಇತ್ತು. ನಾನು ಸ್ವಲ್ಪ ಓದಿಕೊಂಡವನೆಂಬ ಹೆಸರಿದೆಯಲ್ಲ, ಮುಂದೆ ಬಂದೆ. "ಕಾಕಾ, ಇದು ಕಬ್ಬಿಣರಿ. ಹುಲ್ಲು ತಿನ್ನೂದಿಲ್ಲ, ಡೀಸೆಲ್ ಕುಡಿತೈತಿ. ಇದಕ್ಕೆಂಥಾ ಸೋಮವಾರ?"

"ಶುಕ್ರವಾರ ಹೋಳಿಗಿ ತಿನಸುಮುಂದ ಇದು ಕಬ್ಬಿಣ ಅಂತ ಯಾಕ ಹೇಳಲಿಲ್ರಿ, ಕಂಟ್ರೋಲರ್ ಸಾಹೇಬ್ರ?" ಎಂದರು ಕಾಕಾ.

ನನಗೆ ಹಟ ಹತ್ತಿತು. "ನೀವ್ಯಾರೂ ಬ್ಯಾಡ, ಪಾಪ ಬಂದ್ರ ನನಗ ಬರಲಿ," ಎಂದು ಹ್ಯಾಂಡಲಿಗೆ ಕೈಹಾಕಿದೆ. ಈಗ ನಿಮ್ಮೆದುರು ಒಪ್ಪಿಕೊಳ್ಳುತ್ತೇನೆ, ತಿರುಗಿಸಲು ಆಗಲಿಲ್ಲ. ತಾಕತ್ತು ಸಾಲಲಿಲ್ಲವೆಂದು ಆಮೇಲೆ ಎಲ್ಲರಿಗೂ ಹೇಳಿದೆ. ನಿಜವೇನೆಂದರೆ ಸಣ್ಣವನಿದ್ದಾಗ ಸೋಮವಾರ ನಮ್ಮಪ್ಪ ಎತ್ತಿನ ಬೆನ್ನು ತಿಕ್ಕುತ್ತ, ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದದ್ದು ನೆನಪಾಗಿ ಕೈ ಬರಲಿಲ್ಲ. ವಾದದಲ್ಲಿ ಗೆಲ್ಲುವುದು ಸುಲಭ, ನಮ್ಮಪ್ಪನ ಸೋಮವಾರವನ್ನು ಕೆಡಿಸುವುದು ಕಷ್ಟ. ಕಾಯಕದ ಮಾತು ಇಡೀ ನಾಡಿಗೆ ಹಬ್ಬಿದ್ದು ನಮ್ಮ ಬಾಗೇವಾಡಿಯ ಮಣ್ಣಿನಿಂದ ಎಂದು ಹೆಮ್ಮೆಪಡುವವರು ನಾವು. ವಿಶ್ರಾಂತಿಯ ಮಾತನ್ನು ಮಾತ್ರ ಎತ್ತುಗಳಿಗೇ ಬಿಟ್ಟುಕೊಟ್ಟಿದ್ದೇವೆ.

ಇನ್ನೇನು, ಮುಂದಿನ ವಾರ ಬೇರೆ ದಿನ ನೋಡೋಣವೆಂದು ಚಹಾದ ಕಡೆ ಹೊರಟಿದ್ದೆವು. ಆಗ ಗಂಗವ್ವಾಯಿ ಸೀರೆಯ ಸೆರಗು ತಲೆಗೆ ಸುತ್ತಿಕೊಂಡು ಬಿರಬಿರನೆ ಬಂದಳು.

"ಎಲ್ಲವ್ವನ್ನ ದವಾಖಾನಿಯಿಂದ ಬಿಟ್ಟಾರಂತ. ನಾಕರ ಬಸ್ಸಿಗೆ ಬರತಾಳ. ಕೂಸು ಬಾಳ ಸಣ್ಣದೈತ್ರಪಾ, ಅಂಗೈಯಾಗ ಹಿಡೀಬೇಕು. ಬೆಚ್ಚಗ ಇಡ್ರಿ ಅಂತ ನರ್ಸ್‌ಬಾಯಿ ಹೇಳ್ಯಾಳ. ಎಲ್ಲಿ ಐತಿ ಕಟಗಿ?"

ಎಲ್ಲವ್ವ ಊರ ತುದಿಯ ತಗಡಿನ ಮನೆಯವಳು. ಗಂಡ ಕುರಿ ಹಿಂಡಿನ ಜೊತೆ ಮುದ್ದೇಬಿಹಾಳದ ಆಚೆ, ಕೃಷ್ಣೆಯ ದಂಡೆಗೆ ಹೋಗಿದ್ದ. ಮನೆಯಲ್ಲಿ ಅತ್ತೆಯೊಬ್ಬಳೇ. ಆ ತಗಡಿನ ಮನೆ ಈ ಗಾಳಿಗೆ ಹೇಗಿರುತ್ತದೆಂದು ನಮಗೆಲ್ಲ ಗೊತ್ತಿತ್ತು. ಆಕೆಯ ಹಿತ್ತಿಲಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ನಾವು ಕಟ್ಟಿಗೆ ಕೊಡುತ್ತೇವೆಂದು ಗಂಗವ್ವಾಯಿ ಆಕೆಗೆ ಮಾತು ಕೊಟ್ಟಿದ್ದಳು. ಆ ಮಾತನ್ನು ಕೊಡಿಸಿದವರು ನಾವೇ.

ಮಾನಪ್ಪ ತಲೆ ಕೆಳಗೆ ಹಾಕಿ ಸಂಗತಿ ಹೇಳಿದ. ಆಕೆ ಬಸಣ್ಣನನ್ನು ನೋಡಿದಳು, ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಬಸಣ್ಣಗ ಸೂಟಿ, ಖರೆ. ಅವನ್ನ ಎಬ್ಬಸಬ್ಯಾಡ್ರಿ, ಮಲಗ್ಲಿ. ನಿಮಗ್ಯಾರು ಕೋಡಣಸು ಹಾಕ್ಯಾರ?"

ಕಾಕಾ ಧೋತರದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿದರು. ಮೊದಲು ಕೊಡಲಿ ಎತ್ತಿಕೊಂಡವರು ಅವರೇ. ಮಾನಪ್ಪ ಅಂಗಡಿಗೆ ಓಡಿ ನಾಲ್ಕು ಬೆಣೆ, ಒಂದು ದೊಡ್ಡ ಸುತ್ತಿಗೆ, ಅವನಜ್ಜನ ಕಾಲದ ಎರಡು ಹಿಡಿಯ ಉದ್ದ ಗರಗಸ ತಂದ. ಹುಣಸೆಯ ಬೊಡ್ಡೆಗಳನ್ನು ಬಿಟ್ಟು ಜೋಡಿಬೇವಿನ ಟೊಂಗೆಗಳನ್ನು ಆರಿಸಿಕೊಂಡೆವು. ಗರಗಸದ ಒಂದು ತುದಿ ಕಾಕಾ ಹಿಡಿದರು. ಇನ್ನೊಂದು ತುದಿಗೆ ಯಾರೆಂದು ಎಲ್ಲರೂ ಸುತ್ತ ನೋಡಿದರು. ಖಾಲಿ ನಿಂತಿದ್ದವನು ನಾನೊಬ್ಬನೇ.

ಗರಗಸದ ಒಂದು ಗುಟ್ಟಿದೆ, ನಿಮಗೆ ಗೊತ್ತಿದೆಯೋ ಇಲ್ಲವೋ. ಅದನ್ನು ದೂಡಬಾರದು. ನಿನ್ನ ಸರದಿ ಬಂದಾಗ ಎಳೆಯಬೇಕು, ಅವನ ಸರದಿ ಬಂದಾಗ ಕೈ ಸಡಿಲ ಬಿಡಬೇಕು. ಇಷ್ಟೇ. ಕೇಳಲು ಬಹಳ ಸರಳ. ನಾನು ಮೂವತ್ತು ವರ್ಷ ಬಸ್ಸುಗಳನ್ನು ಮುಂದೆ ದೂಡಿದ ಅಭ್ಯಾಸದವನು, ಕಾಕಾ ಎಳೆಯುವಾಗಲೂ ದೂಡುತ್ತಿದ್ದೆ. ಅಲಗು ಬಾಗಿ ನಡುವೆ ಸಿಕ್ಕಿಕೊಳ್ಳುತ್ತಿತ್ತು. "ದೂಡಬ್ಯಾಡ್ರಿ," ಎಂದರು ಕಾಕಾ. ಮತ್ತೆ ದೂಡಿದೆ. "ನಾ ಬರತೇನ್ರಿ, ನನಗ ದಾರಿ ಬಿಡ್ರಿ," ಎಂದರು. ಸುಮಾರು ಹೊತ್ತಿನ ಮೇಲೆ ಕೈಗೆ ಬುದ್ಧಿ ಬಂತು. ಎಳೆದೆ, ಬಿಟ್ಟೆ. ಎಳೆದೆ, ಬಿಟ್ಟೆ. ಬೇವಿನ ಹಿಟ್ಟು ಕಾಲ ಮೇಲೆ ಉದುರತೊಡಗಿತು, ಕಹಿ ವಾಸನೆ ಮೂಗಿಗೆ ಹತ್ತಿತು. ಎದುರಿಗಿದ್ದ ಎಪ್ಪತ್ತೈದರ ಮುದುಕ ಮತ್ತು ನಾನು ಒಂದೇ ಉಸಿರಿನಲ್ಲಿ ತೂಗುತ್ತಿದ್ದೆವು. ಯಾರಿಗೂ ಹೋಗು, ಬಾ ಎಂದು ಹೇಳುವ ಅಗತ್ಯವೇ ಇರಲಿಲ್ಲ. ನನಗೆ ಅಷ್ಟು ಸಂತೋಷವಾಯಿತೆಂದು ಹೇಳಲು ಈಗಲೂ ಸ್ವಲ್ಪ ಸಂಕೋಚ.

ಮಧ್ಯಾಹ್ನದ ಹೊತ್ತಿಗೆ ನನ್ನ ಎರಡೂ ಅಂಗೈಯಲ್ಲಿ ಬೊಬ್ಬೆಗಳು ಎದ್ದವು. ಮಾನಪ್ಪ ಬೆಣೆ ಬಡಿಯುತ್ತಿದ್ದ, ಉಳಿದವರು ಸೀಳನ್ನು ಬಿಡಿಸಿ ಒಟ್ಟುತ್ತಿದ್ದರು. ಬಸಣ್ಣ ನಾಲ್ಕು ನಿಮಿಷದಲ್ಲಿ ಮಾಡುವುದಕ್ಕೆ ನಮಗೆ ಒಂದು ತಾಸು. ಶಾಂತಾ ಕಟ್ಟಿ ಕಳಿಸಿದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ತಿನ್ನಲು ಕೂತವರು ಯಾರೂ ಬಹಳ ಹೊತ್ತು ಕೂಡಲಿಲ್ಲ. ಒಟ್ಟಿದ್ದು ಇನ್ನೂ ಅರ್ಧ ಚಕ್ಕಡಿಯೂ ಇರಲಿಲ್ಲ. ಗಂಟೆ ಮೂರಾಯಿತು. ಜೀವನದಲ್ಲಿ ಮೊದಲ ಸಲ ನಾನು ಬಸ್ಸು ತಡವಾಗಲಿ ಎಂದು ಬೇಡಿಕೊಂಡೆ. ಸುಗ್ಗಿಯ ಕಾಲ, ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರು, ಒಂದಾದರೂ ಅಡ್ಡ ನಿಲ್ಲಬಾರದೇ? ನಾವೇ ಮನವಿ ಬರೆದು ತರಿಸಿದ ಹೊಸ ರಸ್ತೆ ಅಡ್ಡ ಬಂತು. ಸರಿಯಾಗಿ ನಾಲ್ಕಕ್ಕೆ ಹುಣಸಿಗಿಡ ಸ್ಟಾಪಿನಲ್ಲಿ ಹಾರ್ನ್ ಕೇಳಿಸಿತು. ನನ್ನ ಕಾಲದಲ್ಲಿ ಸುಗ್ಗಿಯೊಳಗೆ ಈ ಬಸ್ಸು ಎಂದೂ ನಾಲ್ಕಕ್ಕೆ ಬಂದಿರಲಿಲ್ಲ.

"ಸಾಕು, ಇದ್ದಷ್ಟು ಹೇರ್ರಿ," ಎಂದರು ಕಾಕಾ. ಚಕ್ಕಡಿಗೆ ಕಟ್ಟಿಗೆ ಹೇರಿದೆವು. ಹೇರಿ ನೊಗದ ಕಡೆ ನೋಡಿದಾಗ ಎಲ್ಲರಿಗೂ ಒಟ್ಟಿಗೆ ನೆನಪಾಯಿತು. ಚಕ್ಕಡಿ ಎಳೆಯುವ ಎತ್ತುಗಳಿಗೂ ಇವತ್ತು ಸೋಮವಾರ.

ಈ ಸಲ ಚರ್ಚೆ ಆಗಲಿಲ್ಲ. ಮಾನಪ್ಪ ನೊಗದ ಎಡಕ್ಕೆ ಹೆಗಲು ಕೊಟ್ಟ, ನಾನು ಬಲಕ್ಕೆ. ಇಬ್ಬರು ಹಿಂದಿನಿಂದ ದೂಡಿದರು. ಕಾಕಾ ಮುಂದೆ ನಡೆಯುತ್ತ, ಎತ್ತುಗಳಿಗೆ ಹೇಳುವ ದನಿಯಲ್ಲೇ ನಮಗೂ ಹೇಳುತ್ತ ಬಂದರು. ಊರ ನಡುವಿನ ದಾರಿಯಲ್ಲೇ ಹೋಗಬೇಕಿತ್ತು, ಅಂದರೆ ನಮ್ಮ ಮನೆಯ ಮುಂದೆ. ಶಾಂತಾ ಕಟ್ಟೆಯ ಮೇಲೆ ನಿಂತಿದ್ದಳು. ನೊಗದ ಕೆಳಗೆ ನನ್ನ ಬೆವರು ಸುರಿಯುವ ಮುಖ ಕಂಡು ಬಾಯಿಗೆ ಸೆರಗು ಹಿಡಿದಳು. ನಗುತ್ತಾಳೆಂದು ಕಾದೆ. ಇಳಿದು ಬಂದು ನನ್ನ ಹೆಗಲ ಮೇಲೆ ನೊಗದ ಕೆಳಗೆ ತನ್ನ ಟವೆಲನ್ನು ಮಡಿಸಿ ಇಟ್ಟಳು. "ಕೊನೀಗೂ ಎಳ್ಯಾಕ ಕಲ್ತ್ರಿ," ಎಂದಳು. ಮೂವತ್ತೇಳು ವರ್ಷದ ಸಂಸಾರದಲ್ಲಿ ನನಗೆ ಸಿಕ್ಕ ಪ್ರಶಸ್ತಿ ಅದೊಂದೇ.

ಎಲ್ಲವ್ವ ಬಸ್ಸಿನಿಂದ ಇಳಿದು ನಿಧಾನಕ್ಕೆ ನಡೆದು ಬರುವಷ್ಟರಲ್ಲಿ ನಾವು ತಗಡಿನ ಮನೆಯ ಮುಂದಿದ್ದೆವು. ಗಂಗವ್ವಾಯಿ ಹೊರಗೇ ಮೂರು ಕಲ್ಲು ಹೂಡಿ ಹಂಡೆ ಏರಿಸಿದ್ದಳು. ಬೇವು ಚೆನ್ನಾಗಿ ಒಣಗಿತ್ತು. ಕಡ್ಡಿಯ ಹಾಗೆ ಭರ್ರನೆ ಉರಿದು ಸುಮ್ಮನಾಗಲಿಲ್ಲ, ಹಿಡಿದುಕೊಂಡು ಉರಿಯಿತು. ಆ ಹಂಡೆಯ ಮೇಲೆ ಉಗಿ ಏಳುವವರೆಗೆ ಯಾರೂ ಮನೆಗೆ ಹೋಗಲಿಲ್ಲ. ಕೂಸಿಗೆ ಈಗಲೇ ನೀರು ಹಾಕಬೇಡಿ, ತಾಯಿಯ ಎದೆಗೆ ಒತ್ತಿ ಬೆಚ್ಚಗಿಡಿ ಎಂದು ದವಾಖಾನೆಯಲ್ಲಿ ಹೇಳಿದ್ದರು. ಗಂಗವ್ವಾಯಿ ಇದಕ್ಕೆ ಗೊಣಗಿದಳು, ಆದರೂ ಹಾಗೇ ಮಾಡಿದಳು. ತಾಯಿಗೆ ಎರೆದಳು. ಹೊಗೆಯಾಡದ ಕೆಂಡವನ್ನು ಬುಟ್ಟಿಯಂಥ ಕಬ್ಬಿಣದ ತಟ್ಟೆಯಲ್ಲಿ ಬಾಗಿಲ ಹತ್ತಿರ ಇಟ್ಟು, ಬಾಗಿಲು ಮುಚ್ಚಬಾರದೆಂದು ಅತ್ತೆಗೆ ಮೂರು ಸಲ ಹೇಳಿದಳು. ಒಳಗಿನಿಂದ ಕೂಸು ಅತ್ತಿತು. ಅಂಗೈಯಷ್ಟಿದ್ದ ಕೂಸಿಗೆ ಅಷ್ಟು ದೊಡ್ಡ ಗಂಟಲು ಎಲ್ಲಿಂದ ಬಂತೋ! ಕಾಕಾ ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡರು. ಹೊಗೆ ಎಂದರು. ಗಾಳಿ ಅವರ ಕಡೆ ಬೀಸುತ್ತಿರಲಿಲ್ಲ.

ಆಮೇಲೆ ನಮ್ಮ ಕೆಲಸದ ದಿನ ಗುರುವಾರಕ್ಕೆ ಹೋಯಿತು. ಬಸಣ್ಣ ಗುರುವಾರ ದುಡಿಯುತ್ತಾನೆ, ಸೋಮವಾರ ಮಲಗುತ್ತಾನೆ. ಸೋಮವಾರ ಮಾನಪ್ಪ ಅವನ ಚಕ್ರಕ್ಕೆ ಎಣ್ಣೆ ಬಿಡುತ್ತಾನೆ, ಬೆಣೆಯ ಮೊನೆ ನೋಡುತ್ತಾನೆ. ಬಸಣ್ಣ ಕೆಡದೆ ನಡೆಯುತ್ತಿರುವುದು ಆ ರಜೆಯಿಂದಲೇ ಎಂದು ಈಗ ಮಾನಪ್ಪನೇ ಹೇಳುತ್ತಾನೆ. ಚಡಚಣದಿಂದ ಬಂದ ಅವನ ಬೀಗರು ತಮ್ಮೂರಿಗೂ ಇಂಥದೊಂದು ಬೇಕೆಂದು ಅಳತೆ ಬರೆದುಕೊಂಡು ಹೋಗಿದ್ದಾರೆ. ಬಾಣಂತಿ ಬಂದ ಮನೆ ಯಾವುದೇ ಇರಲಿ, ಅಲ್ಲಿಗೆ ಮೊದಲು ಹೋಗುವುದು ಒಂದು ಚಕ್ಕಡಿ ಕಟ್ಟಿಗೆ.

ಇದನ್ನೆಲ್ಲ ಒಂದು ದಿನ ಗಂಗವ್ವಾಯಿಗೆ ಬಹಳ ಹೆಮ್ಮೆಯಿಂದ ಹೇಳುತ್ತಿದ್ದೆ. ಎತ್ತಿಗೆ ಸೋಮವಾರ, ಕಬ್ಬಿಣಕ್ಕೂ ಸೋಮವಾರ, ಇಂಥ ಊರು ಎಲ್ಲಿದೆ ಹೇಳು ಎಂದೆ. ಆಕೆ ಎಲ್ಲವ್ವನ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ತಿಂಗಳಲ್ಲಿ ಅದು ಎರಡೂ ಅಂಗೈ ತುಂಬುವಷ್ಟಾಗಿತ್ತು. ತಲೆ ಎತ್ತದೆ ಕೇಳಿದಳು: "ನನ್ನ ಸೋಮವಾರ ಯಾವತ್ತು ತಮ್ಮಾ?"

ಕೊಂಕಿನಿಂದ ಕೇಳಿದ್ದಲ್ಲ. ಬಸ್ಸು ಯಾವಾಗ ಎಂದು ಪ್ರಯಾಣಿಕರು ಕೇಳುತ್ತಿದ್ದರಲ್ಲ, ಹಾಗೆ. ಮೂವತ್ತು ವರ್ಷ ಗಾಜಿನ ಕೋಣೆಯಲ್ಲಿ ಕೂತು ಇಂಥ ಪ್ರಶ್ನೆಗಳಿಗೆ ಉತ್ತರ ಹೇಳಿದವನು ನಾನು. ಇದಕ್ಕೆ ಹೇಳಲು ನನ್ನಲ್ಲಿ ವೇಳಾಪಟ್ಟಿ ಇರಲಿಲ್ಲ.

ಕೂಸುಗಳು ಸೋಮವಾರ ಅಳುವುದನ್ನು ಬಿಡುವುದಿಲ್ಲ, ಆದ್ದರಿಂದ ಪೂರ್ತಿ ರಜೆ ಆಕೆಗೆ ಯಾರೂ ಕೊಡಲಾರರು. ನಮ್ಮ ಕೈಲಾದದ್ದು ಇಷ್ಟು. ಈಗ ಸೋಮವಾರ ಬೆಳಗ್ಗೆ, ಊರಿನಲ್ಲಿ ಯಾವ ಮನೆಯಲ್ಲಿ ಬಾಣಂತಿ ಇದ್ದಾಳೋ ಆ ಮನೆಗೆ ಗಂಗವ್ವಾಯಿಗಿಂತ ಮೊದಲು ನಾವು ಹೋಗುತ್ತೇವೆ. ಕಾಕಾ ಒಲೆ ಹೂಡುತ್ತಾರೆ. ನಾನು ನೀರು ಹೊರುತ್ತೇನೆ; ಹೌದು, ಕೊಡ ನಾನೇ ಎತ್ತುತ್ತೇನೆ, ಬೇಕಾದರೆ ಶಾಂತಾಳನ್ನು ಕೇಳಿ. ಮೊದಲೆರಡು ವಾರ ಹೊಗೆ ಎಬ್ಬಿಸಿ ಇಡೀ ಓಣಿಯನ್ನು ಕೆಮ್ಮಿಸಿದೆವು. ಈಗ ಒಂದೇ ಕಡ್ಡಿಗೆ ಹೊತ್ತಿಸುತ್ತೇವೆ.

ಕಳೆದ ಸೋಮವಾರ ಗಂಗವ್ವಾಯಿ ಬಂದಾಗ ನೀರು ಆಗಲೇ ಕಾದು ಹಂಡೆಯ ಮುಚ್ಚಳ ಕುಣಿಯುತ್ತಿತ್ತು. ಆಕೆ ಸೆರಗು ಸಿಕ್ಕಿಸುತ್ತ ನೇರ ಒಳಗೆ ಹೊರಟಳು. ನಾನು ಕಲ್ಲಿನ ಮೇಲೆ ಟವೆಲ್ ಹಾಸಿ, ಚಹಾದ ಕಪ್ಪು ಹಿಡಿದು ದಾರಿಗೆ ಅಡ್ಡ ನಿಂತೆ. ಹಳೆಯ ಮೈಕಿನ ದನಿ ತಾನಾಗಿಯೇ ಬಂತು.

"ಪ್ರಯಾಣಿಕರ ಗಮನಕ್ಕೆ. ಬಿಸಿನೀರು ಇನ್ನೂ ಹತ್ತು ನಿಮಿಷ ತಡವಾಗಿ ಬರಲಿದೆ. ಕೂಡಬೇ ಆಯಿ."

ಆಕೆ ಕುಣಿಯುವ ಮುಚ್ಚಳವನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. ಆಮೇಲೆ ಕಲ್ಲಿನ ಮೇಲೆ ಕೂತು ಕಾಲು ಚಾಚಿದಳು. "ಆಗ್ಲಿ ಬಿಡು ತಮ್ಮಾ," ಎಂದು ಕಪ್ಪಿಗೆ ಕೈ ನೀಡಿದಳು. "ಇವತ್ತೇನು ಅವಸರಿಲ್ಲ."